ಸೌದೆ ಮಿಷಿನ್ನಿನ ಮುನಿರಾಮಪ್ಪ

ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಮಾವಿನ ತೋಟಗಳ ನಡುವೆ ಒಂದಷ್ಟು ದೂರ ನಡೆದರೆ ನೇರೇಡುಪಲ್ಲಿ ಸಿಗುತ್ತದೆ. ಅಲ್ಲಿಯವರು ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಜಗಳಕ್ಕೆ ಎರಡೂ ಬೇಕು. ಆ ಊರಿನ ಮುನಿರಾಮಪ್ಪ ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ದೊಡ್ಡ ಮನುಷ್ಯನೇನಲ್ಲ. ಊರಿಗೆ ಬೆಳಕು ಬರಲಿ ಎಂದು ಆಸೆಪಟ್ಟ, ಆ ಆಸೆಗಾಗಿ ದೇವರ ಮುಂದೆ ಒಂದು ಮಾತು ಕೊಟ್ಟ. ಆ ಮಾತಿಗೆ ಏನಾಯಿತು ಎಂಬುದನ್ನು ಅವನ ಹೆಂಡತಿ ವೆಂಕಟರತ್ನಮ್ಮ, ಅವನ ಅಕ್ಕ ಮುತ್ಯಾಲಮ್ಮ, ಕೊನೆಗೆ ಅವನೇ ಬಿಡಿಬಿಡಿಯಾಗಿ ಹೇಳಿದ್ದನ್ನು ಕೂಡಿಸಿ ಇಲ್ಲಿ ಬರೆದಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ಅವನು ಶ್ರೀನಿವಾಸಪುರದ ಚನ್ನರಾಯಪ್ಪನ ಸಾಮಿಲ್ಲಿಗೆ ದಿಮ್ಮಿ ಉರುಳಿಸುವ ಕೆಲಸಕ್ಕೆ ಸೇರಿದ. ನಾಲ್ಕಾರು ವರ್ಷಗಳಲ್ಲಿ ಗರಗಸದ ಮುಂದೆ ನಿಲ್ಲುವಷ್ಟು ನಂಬಿಕೆ ಗಳಿಸಿದ. ಫಸಲು ನಿಂತ ಹಳೆಯ ಮಾವಿನ ಮರಗಳು, ನೀಲಗಿರಿ ದಿಮ್ಮಿಗಳು ಗಾಡಿಯಲ್ಲಿ ಬರುತ್ತಿದ್ದವು. ಅವುಗಳಿಂದ ಹಣ್ಣಿನ ಪೆಟ್ಟಿಗೆಗೆ ಹಲಗೆ ಕೊಯ್ಯುವುದು ಮಿಲ್ಲಿನ ಮುಖ್ಯ ಕೆಲಸ. ಮಾವಿನ ಕಾಲ ಬಂತೆಂದರೆ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ದುಂಡಗಿನ ದಿಮ್ಮಿಯನ್ನು ಚೌಕ ಮಾಡುವಾಗ ತೊಗಟೆಯ ಸಮೇತ ಬೀಳುವ ಹೊರಮೈ ತುಂಡುಗಳಿಗೆ ಚಕ್ಕೆ ಎನ್ನುತ್ತಾರೆ. ಚಕ್ಕೆ ಮೊಣಕಾಲೆತ್ತರ ಬೀಳುತ್ತಿತ್ತು.

ಆ ಮಿಲ್ಲಿನಲ್ಲಿ ಒಂದು ರೂಢಿಯಿತ್ತು. ಕಸ ಗುಡಿಸಲು ಅಲ್ಲಿ ಯಾರಿಗೂ ಕೂಲಿ ಕೊಡುತ್ತಿರಲಿಲ್ಲ. ಹೊತ್ತು ಇಳಿದು ಗರಗಸ ನಿಂತ ಮೇಲೆ ಗೇಟು ತೆಗೆಯುತ್ತಿದ್ದರು. ನೇರೇಡುಪಲ್ಲಿಯ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರು ಪೊರಕೆ, ಮಂಕರಿ ಬುಟ್ಟಿ ಹಿಡಿದು ಒಳಗೆ ಬರುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಜಾಗ. ಆ ಜಾಗ ಗುಡಿಸಿ, ಮರದ ಪುಡಿಯನ್ನು ಒಂದು ಮೂಲೆಗೆ ತುಂಬಿ, ಮಿಷಿನ್ನಿನ ಕೆಳಗಿನ ಗುಂಡಿ ಬಾಚಿ ಚೊಕ್ಕಟ ಮಾಡಿದರೆ ಅಲ್ಲಿ ಬಿದ್ದ ಚಕ್ಕೆ ಅವಳದು. ಅತ್ತೆಗೆ ಕೈಲಾಗದಾಗ ಆ ಜಾಗ ಸೊಸೆಗೆ ಬರುತ್ತಿತ್ತು. ಗುಮಾಸ್ತ “ಕಸ ಎತ್ಕೊಂಡು ಹೋಗ್ರಮ್ಮ” ಎಂದು ಕೂಗುತ್ತಿದ್ದ. ಹೆಂಗಸರೂ “ಕಸಕ್ಕೆ ಹೋಗ್ತೀವಿ” ಎಂದೇ ಹೇಳುತ್ತಿದ್ದರು. ಅದು ಕೂಲಿ ಎಂದು ಕೊಟ್ಟವರಿಗೂ ಹೊಳೆದಿರಲಿಲ್ಲ, ಪಡೆದವರಿಗೂ ಹೊಳೆದಿರಲಿಲ್ಲ.

ದೊಡ್ಡ ಗರಗಸದ ಕೆಳಗಿನ ಜಾಗ ಮುತ್ಯಾಲಮ್ಮನದು. ಸಣ್ಣ ವಯಸ್ಸಿಗೇ ಗಂಡ ತೀರಿಹೋಗಿ ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮನನ್ನು ಸಾಕಿ, ಮದುವೆ ಮಾಡಿ, ಮಗ್ಗುಲಲ್ಲೇ ಬೇರೆ ಒಲೆ ಹೂಡಿಕೊಂಡಿದ್ದಳು. ಅಣ್ಣತಮ್ಮಂದಿರ ಮನೆಯಲ್ಲಿ ಹೆಣ್ಣುಮಗಳು ತನ್ನ ಒಲೆ ತಾನು ಇಟ್ಟುಕೊಂಡರೆ ಮರ್ಯಾದೆ ಎಂದು ಅವಳ ಲೆಕ್ಕ. ಹಗಲೆಲ್ಲ ಮುನಿರಾಮಪ್ಪ ಮೇಲೆ ನಿಂತು ಮರ ಕೊಯ್ಯುತ್ತಿದ್ದ. ಸಂಜೆಗೆ ಅಕ್ಕ ಅದೇ ಜಾಗ ಗುಡಿಸಿ, ಚಕ್ಕೆಯ ಹೊರೆ ತಲೆಯ ಮೇಲಿಟ್ಟುಕೊಂಡು ಊರಿಗೆ ನಡೆಯುತ್ತಿದ್ದಳು.

ಊರಿಗೆ ಕರೆಂಟು ಇರಲಿಲ್ಲ. ಕಂಬಗಳು ಪಕ್ಕದ ಊರಿನ ಕೆರೆ ಏರಿಗೆ ಬಂದು ನಿಂತುಬಿಟ್ಟಿದ್ದವು. ಬೇರೆಯವರಿಗೆ ಬೆಳಕು ಓದಿಗೆ, ಊಟಕ್ಕೆ. ವೆಂಕಟರತ್ನಮ್ಮನಿಗೆ ಅದು ಹುಳುಗಳಿಗೆ ಬೇಕಿತ್ತು. ಅವಳು ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆಹುಳು ಸಾಕುತ್ತಿದ್ದಳು. ಆ ಹುಳಕ್ಕೆ ಸೀಮೆಎಣ್ಣೆಯ ವಾಸನೆ ಆಗದು. ಬುಡ್ಡಿ ದೀಪ ತಂದರೆ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂತುಬಿಡುತ್ತದೆ. ಹರಳೆಣ್ಣೆಯ ದೀಪದಲ್ಲಿ ಕಣ್ಣು ಕಿರಿದು ಮಾಡಿಕೊಂಡು ತಟ್ಟೆತಟ್ಟೆ ತಡವಿ ಮೇವು ಹಾಕಬೇಕು, ಕಾಯಿಲೆಯ ಹುಳ ಆರಿಸಿ ಬಿಸಾಡಬೇಕು. ಒಂದು ಕಾಯಿಲೆಯ ಹುಳ ಕಣ್ಣು ತಪ್ಪಿದರೆ ತಟ್ಟೆಯೇ ಹೋಗುತ್ತದೆ. ಮಿಲ್ಲಿನಲ್ಲಿ ಹಗಲೂ ಉರಿಯುವ ಬಲ್ಬು ನೋಡಿ ಬಂದು ಮುನಿರಾಮಪ್ಪ, ಅದರಲ್ಲೊಂದು ಈ ಹುಳದ ಮನೆಯಲ್ಲಿ ಇದ್ದಿದ್ದರೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದನಂತೆ.

ಎಂಬತ್ತನಾಲ್ಕರ ಬೇಸಗೆಯಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಿಂದ ಇಂಜಿನಿಯರ್ ನರಸಿಂಹಪ್ಪ ಮಿಲ್ಲಿಗೆ ಬಂದ. ವಕ್ಕಲೇರಿ ಕಡೆಯ ರೈತರ ಮನೆಯ ಹುಡುಗ, ನಮ್ಮ ಹಾಗೆಯೇ ಮಾತಾಡುವವನು. ಕೋಲಾರ, ಮಾಲೂರು, ಮುಳಬಾಗಿಲು ಎಲ್ಲ ಕಡೆಯ ಸಾಮಿಲ್ಲುಗಳನ್ನು ಸುತ್ತಿ, ಎಲ್ಲೆಲ್ಲಿ ಎಷ್ಟು ಮರದ ತುಂಡು ವ್ಯರ್ಥವಾಗುತ್ತದೆ ಎಂದು ನೋಡುತ್ತಿದ್ದ. ಮರದ ಚೂರುಗಳನ್ನು ದೊಡ್ಡ ಡ್ರಮ್ಮಿನಂಥದರಲ್ಲಿ ತುಂಬಿ, ಸ್ವಲ್ಪವೇ ಗಾಳಿ ಕೊಟ್ಟು ಒಳಗೊಳಗೇ ಬೇಯಿಸಿದರೆ ಗ್ಯಾಸು ಹುಟ್ಟುತ್ತದೆ. ಅದನ್ನು ನೀರಿನಲ್ಲಿ, ಮರಳಿನಲ್ಲಿ ಸೋಸಿ ಡೀಸೆಲ್ ಇಂಜಿನ್ನಿಗೆ ಕೊಟ್ಟರೆ ಡೀಸೆಲು ಅಷ್ಟಿಷ್ಟು ಸಾಕು. ಇಂಜಿನ್ನು ತಿರುಗಿದರೆ ಕರೆಂಟು. ಹೀಗೆಂದು ಅವನು ಗರಗಸದ ಪಕ್ಕ ಕೂತು ವಿವರಿಸಿದ.

“ಅಂಗಾದ್ರೆ ಹೊಗೇಲಿ ಇಂಜಿನ್ ಓಡ್ತದೆ ಅನ್ನಿ ಸಾರ್” ಎಂದ ಮುನಿರಾಮಪ್ಪ.

“ಹೊಗೆ ಅಲ್ಲ ಕಣಪ್ಪ, ಗ್ಯಾಸು. ಸರಿಯಾಗಿ ಮಾಡ್ಲಿಲ್ಲಾಂದ್ರೆ ಹೊಗೆ.”

ಅವರಿಬ್ಬರಿಗೂ ಅಲ್ಲಿಂದ ಸ್ನೇಹವಾಯಿತು. ಒಂದು ಊರಿಗೆ ಪರೀಕ್ಷೆಗೆಂದು ಇಂಥ ಮಿಷಿನ್ನು ಕೊಡುವ ಯೋಚನೆ ಸಂಸ್ಥೆಗಿದೆ ಎಂದು ತಿಳಿದ ಕೂಡಲೇ ಮುನಿರಾಮಪ್ಪ ತನ್ನ ಊರಿನ ಹೆಸರು ಹೇಳಿದ. ನರಸಿಂಹಪ್ಪ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ. ಈ ಚಕ್ಕೆಯೆಲ್ಲ ಈಗ ಏನಾಗುತ್ತದೆ?

“ಅದಾ ಸಾರ್? ಕಸ. ಹೆಂಗಸ್ರು ಬಂದು ಬಾಚ್ಕೊಂಡು ಹೋಗ್ತಾರೆ. ಇಲ್ಲಾಂದ್ರೆ ಅಂಗೇ ಬಿದ್ದಿರ್ತದೆ.”

ಅವನು ಸುಳ್ಳು ಹೇಳಲಿಲ್ಲ. ಹಿಂದಿನ ದಿನ ತಾನು ಉಂಡ ಮುದ್ದೆ ಅದೇ ಕಸದಲ್ಲಿ ಬೆಂದದ್ದು ಎಂಬುದು ಅವನ ತಲೆಗೆ ಬರಲಿಲ್ಲ, ಅಷ್ಟೇ. ಆ ವಾರವೆಲ್ಲ ಸಂಜೆ ಗೇಟು ತೆಗೆಯುವ ಮುಂಚೆ ಚಕ್ಕೆಯನ್ನು ತಕ್ಕಡಿಗೆ ಹಾಕಿ ತೂಗಿದರು. ಹೆಂಗಸರು ಪೊರಕೆ ಹಿಡಿದು ಹೊರಗೆ ಕಾದರು. ಮುತ್ಯಾಲಮ್ಮ ಗೇಟಿನ ಸಂದಿಯಿಂದ ನೋಡಿ, “ಏನೋ ಮುನಿಯಾ, ಕಸಾನೂ ತೂಕ ಹಾಕೋ ಕಾಲ ಬಂತಾ?” ಎಂದು ನಕ್ಕಳಂತೆ. ಅವನೂ ನಕ್ಕ. ತೂಗಿದ್ದು ಮಾವಿನ ಕಾಲದ ನಡುಮಧ್ಯದಲ್ಲಿ. ಎರಡು ಗರಗಸ ಹೊತ್ತು ಮುಳುಗುವ ತನಕ ಪೆಟ್ಟಿಗೆ ಹಲಗೆ ಕೊಯ್ಯುತ್ತಿದ್ದ ದಿನಗಳವು. ಬಂದ ತೂಕ ನೋಡಿ, ಒಂದು ಊರೇನು, ಎರಡು ಊರಿಗೆ ಸಾಕು ಎಂದು ನರಸಿಂಹಪ್ಪ ಸಂತೋಷಪಟ್ಟ.

ಮಿಷಿನ್ನಿನ ಷೆಡ್ಡಿಗೆ ಬಾವಿಯ ಹತ್ತಿರ ಜಾಗ ಬೇಕಿತ್ತು. ಅಂಥ ಊರೊಟ್ಟಿನ ಜಾಗ ಎಂದರೆ ಗುಂಡುತೋಪು ಒಂದೇ. ನಮ್ಮ ಕಡೆ ಊರಿಗೊಂದು ಗುಂಡುತೋಪು ಇರುತ್ತದೆ. ದಾರಿಹೋಕರಿಗೆ ನೆರಳಾಗಲಿ, ದನ ಮಲಗಲಿ ಎಂದು ಹಿಂದಿನವರು ನೆಟ್ಟ ಮರಗಳು, ಯಾರೊಬ್ಬರ ಸ್ವತ್ತೂ ಅಲ್ಲ. ನೇರೇಡುಪಲ್ಲಿಯ ತೋಪಿನಲ್ಲಿ ನೇರಳೆ, ಹುಣಸೆ, ಹೊಂಗೆ ಇದ್ದವು. ನಡುವೆ ಗಂಗಮ್ಮನ ಕಲ್ಲು. ಸುಡುವ ಬಿಸಿಲಿನಲ್ಲೂ ಆ ಕಲ್ಲು ಮುಟ್ಟಿದರೆ ತಣ್ಣಗಿರುತ್ತಿತ್ತು. ದೇವಿಗೆ ಬೇರೆ ಗುಡಿ ಬೇಡವೆಂದು ಹಿರಿಯರು ಬಿಟ್ಟದ್ದು ಅದಕ್ಕೇ ಇರಬೇಕು.

ಊರ ಯಜಮಾನ ಕದಿರಪ್ಪ ಒಪ್ಪಲಿಲ್ಲ. “ಸೌದೆ ತಿನ್ನೋ ಮಿಷಿನ್ನನ್ನ ತೋಪಲ್ಲಿ ಕಟ್ಟಾಕ್ತೀಯ. ಮೇಕೆ ತಂದು ಸೊಪ್ಪಿನ ಮಡಿಯಲ್ಲಿ ಕಟ್ಟಿ, ಅದು ಉಪವಾಸ ಮಾಡ್ತದೆ ಅಂತೀಯಲ್ಲಯ್ಯಾ” ಎಂದ. ಕೂತವರೆಲ್ಲ ನಕ್ಕರು. ಮುನಿರಾಮಪ್ಪ ನಗಲಿಲ್ಲ. ಎದ್ದುಹೋಗಿ ಗಂಗಮ್ಮನ ಮುಂದೆ ನಿಂತು, ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ತಪ್ಪಿದವನು ಆ ದೇವರ ತೀರ್ಥಕ್ಕೆ ಕೈ ಒಡ್ಡುವ ಹಾಗಿಲ್ಲ.

“ಈ ಮಿಷಿನ್ನು ಕಸ ತಿಂತದೆ, ಮರ ತಿನ್ನಲ್ಲ. ನನ್ನ ಕೈಯಿಂದ ಈ ತೋಪಿನ ಹಸಿಮರದ ಮೇಲೆ ಏಟು ಬೀಳಲ್ಲ. ಅಮ್ಮನ ಆಣೆ” ಎಂದ.

ಕರ್ಪೂರ ಅಂಗೈಯಲ್ಲೇ ಉರಿದು ಆರಿತು. ಕದಿರಪ್ಪ ಟವಲು ಕೊಡವಿ ಎದ್ದು, ಆಗಲಿ ಎಂದ. ಪಂಚಾಯಿತಿಯಲ್ಲಿ ಹೆಂಗಸರು ಬಾಯಿ ಹಾಕುವ ಪದ್ಧತಿಯಿರಲಿಲ್ಲ. ಮನೆಗೆ ಬಂದ ಮೇಲೆ ಮುತ್ಯಾಲಮ್ಮ ತಮ್ಮನ ಅಂಗೈಗೆ ಬೆಣ್ಣೆ ಸವರುತ್ತಾ ಕೇಳಿದಳು. “ಅದೆಲ್ಲ ಸರಿ ನಾಯ್ನಾ. ಕಸಾನ ಅದು ತಿಂದ್ರೆ ನಾವೇನು ಉರಿಸ್ಬೇಕು?”

“ಕರೆಂಟು ಬಂದ್ಮೇಲೆ ಸೌದೆ ಯಾಕಕ್ಕಯ್ಯ ನಿಂಗೆ?” ಎಂದು ಅವನು ತಮಾಷೆ ಮಾಡಿದ. ಬಲ್ಬಿನಲ್ಲಿ ಮುದ್ದೆ ಬೇಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತು ಅಲ್ಲಿಗೇ ನಿಂತಿತು.

ಮರುವರ್ಷ ಆಯುಧಪೂಜೆಯ ದಿನ ಮಿಷಿನ್ನಿಗೆ ಕುಂಬಳಕಾಯಿ ಒಡೆದು ಚಾಲೂ ಮಾಡಿದರು. ಮುನಿರಾಮಪ್ಪ ಮಿಲ್ಲು ಬಿಟ್ಟು, ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದು, ಸಂಸ್ಥೆಯ ಸಂಬಳಕ್ಕೆ ಅದನ್ನು ನಡೆಸುವವನಾಗಿದ್ದ. ಚಕ್ಕೆಯನ್ನು ಹೆಬ್ಬೆರಳಿನ ಗಾತ್ರಕ್ಕೆ ಕಡಿದು, ಬಿಸಿಲಿಗೆ ಹರಡಿ, ಗಳಗಳ ಸದ್ದು ಬರುವ ಹಾಗೆ ಒಣಗಿಸಿ ಡ್ರಮ್ಮಿಗೆ ಸುರಿಯುತ್ತಿದ್ದ. ಮನೆಮನೆಗೆ ಒಂದು ಬಲ್ಬು ಬಂತು. ಬಾವಿಯ ನೀರು ಮೇಲಿನ ಬೀದಿಯ ತೊಟ್ಟಿಗೆ ಏರಿತು. ಸಂಜೆ ದೀಪ ಹೊತ್ತಿದ ಮೇಲೆ ಅವನು ಕಾರಣವಿಲ್ಲದೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದ. ಯಾರಾದರೂ “ಏಮಯ್ಯಾ, ಎಲ್ಲಿಗೆ?” ಎಂದರೆ “ಸುಮ್ನೆ, ಬಲ್ಬುಗಳ ಯೋಗಕ್ಷೇಮ ವಿಚಾರಿಸೋಣಾಂತ” ಎನ್ನುತ್ತಿದ್ದ. ಆ ಸಲ ವೆಂಕಟರತ್ನಮ್ಮನ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಗೂಡು ಕಟ್ಟುವ ಹುಳ ತಲೆ ಆಡಿಸುವುದನ್ನು ಮೊದಲ ಸಲ ಕಣ್ಣುತುಂಬ ನೋಡಿದೆ ಎಂದು ಅವಳು ನನ್ನ ಹತ್ತಿರ ಹೇಳಿದಾಗ ಅವಳ ಮುಖದಲ್ಲಿ ಪೂಜೆ ಮುಗಿಸಿ ಬಂದವರ ಕಳೆಯಿತ್ತು.

ಅದೇ ಆಯುಧಪೂಜೆಯ ಮರುದಿನ ಹೆಂಗಸರು ಎಂದಿನಂತೆ ಪೊರಕೆ ಹಿಡಿದು ಮಿಲ್ಲಿಗೆ ಹೋದರು. ಗೇಟು ತೆಗೆಯಲಿಲ್ಲ. ಚಕ್ಕೆ ಇನ್ನು ಮೇಲೆ ನಿಮ್ಮೂರಿನ ಮಿಷಿನ್ನಿಗೇ ಹೋಗುತ್ತದೆ, ಗುಡಿಸಲು ಆಳು ಇಟ್ಟಿದ್ದೇವೆ ಎಂದು ಗುಮಾಸ್ತ ಹೇಳಿ ಕಳಿಸಿದ. ಬೇರೆ ಊರಿನವರು ಬೈದರು. ನೇರೇಡುಪಲ್ಲಿಯವರಿಗೆ ಬೈಯಲೂ ಬಾಯಿರಲಿಲ್ಲ. ಅವರ ಮನೆಗಳಲ್ಲಿ ಬಲ್ಬು ಉರಿಯುತ್ತಿತ್ತು.

ಸರ್ಕಾರದವರು ಗೋಮಾಳದಲ್ಲಿ ನೆಟ್ಟ ನೀಲಗಿರಿ ತೋಪಿತ್ತು. ಕಡಿಯುವ ಹಾಗಿಲ್ಲ, ಉದುರಿದ ಎಲೆ ಬಾಚಬಹುದು. ಮುತ್ಯಾಲಮ್ಮ ಎಲೆಗೆ ಇಳಿದಳು. ಎಲೆಯ ಉರಿ ಹೇಗೆಂದು ಉರಿಸಿದವರಿಗೇ ಗೊತ್ತು. ಭಗ್ಗೆಂದು ಏಳುತ್ತದೆ, ತಕ್ಷಣ ಬಿದ್ದುಹೋಗುತ್ತದೆ. ಒಲೆ ಬಿಟ್ಟು ಏಳುವ ಹಾಗಿಲ್ಲ. ಒಂದು ಕೈಯಲ್ಲಿ ಎಲೆ ತುರುಕುತ್ತಾ ಇನ್ನೊಂದು ಕೈಯಲ್ಲಿ ಹಿಟ್ಟಿನ ಕೋಲು ತಿರುವಲಾಗದು. ಮುದ್ದೆ ಒಳಗೆ ಹಸಿಯಾಗಿ ಉಳಿಯುತ್ತದೆ. ನೀಲಗಿರಿಯ ಘಾಟು ಹೊಗೆಗೆ ಅವಳ ಕಣ್ಣು ಸದಾ ಕೆಂಪಾಗಿರತೊಡಗಿತು. ಬರಬರುತ್ತಾ ಅವಳು ದಿನಾ ಮುದ್ದೆ ಮಾಡುವುದನ್ನು ಬಿಟ್ಟು, ಒಮ್ಮೆ ಕಾಸಿದ ಅಂಬಲಿಯಲ್ಲೇ ಎರಡು ದಿನ ತಳ್ಳುತ್ತಿದ್ದಳು.

ಮುನಿರಾಮಪ್ಪನಿಗೆ ಇದು ಕಾಣಲು ತಿಂಗಳುಗಳೇ ಹಿಡಿದವು. ಅವನ ಮನೆಯಲ್ಲಿ ಷೆಡ್ಡಿನ ಚೂರುಪಾರಿನಲ್ಲಿ ಅಡುಗೆ ನಡೆಯುತ್ತಿತ್ತು. ಕಂಡ ದಿನ ಒಂದು ಹೊರೆ ಚಕ್ಕೆ ತಂದು ಅಕ್ಕನ ಅಂಗಳದಲ್ಲಿ ಇಳಿಸಿದ. ಅವಳು ಮುಟ್ಟಲಿಲ್ಲ.

“ಅಷ್ಟು ಜನ ಕೂಡಿ ಗುಡಿಸ್ತಿದ್ವಿ ಕಣೋ. ನಂಗೊಬ್ಬಳಿಗೆ ತಂದಾಕಿದ್ರೆ ಅವರ ಮುಖ ಹೆಂಗೆ ನೋಡ್ಲಿ? ತಗೊಂಡು ಹೋಗು. ನಿನ್ನ ಮಿಷಿನ್ನಿಗೆ ಹಾಕು.”

ಅವನು ಹೊರೆ ಎತ್ತಿಕೊಂಡು ವಾಪಸ್ಸು ಹೋದ. ಕಸ ಅಂದುಬಿಟ್ಟೆನಲ್ಲ ಎಂದು ಅವನಿಗೆ ಅನಿಸಿದ್ದು ಆವತ್ತೇ. ವೆಂಕಟರತ್ನಮ್ಮನ ಮುಂದೆ ಆ ಒಂದು ಮಾತನ್ನು ಹೇಳಿ, ಊಟ ಬೇಡವೆಂದು ಗೋಡೆಗೆ ತಿರುಗಿ ಮಲಗಿದನಂತೆ.

ಮೊದಲ ತಿಂಗಳುಗಳು ಹಿಂದಿನ ಮಾವಿನ ಕಾಲದಲ್ಲಿ ಮಿಕ್ಕು ಬಿದ್ದಿದ್ದ ರಾಶಿಯಲ್ಲಿ ಕಳೆದವು. ಆದರೆ ಮಾವಿನ ಕಾಲದ ಲೆಕ್ಕ ವರ್ಷವಿಡೀ ನಡೆಯಲಿಲ್ಲ. ಪೆಟ್ಟಿಗೆಯ ಕೆಲಸ ಮುಗಿದ ಮೇಲೆ ಮಿಲ್ಲಿನಲ್ಲಿ ಬಾಗಿಲು, ಕಿಟಕಿಯ ಚಿಲ್ಲರೆ ಕೆಲಸ ಮಾತ್ರ. ಚಕ್ಕೆ ಕಾಲು ಭಾಗಕ್ಕೆ ಇಳಿಯಿತು. ನರಸಿಂಹಪ್ಪ ಬಂದು ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಬೇಗ ಬೆಳೆಯುವ ಗಿಡ ನೆಟ್ಟು ಅದರ ಕೊಂಬೆಯಲ್ಲೇ ಮಿಷಿನ್ನು ನಡೆಸೋಣ ಎಂದು ಕೆರೆಯ ಕೆಳಗೆ ಸಸಿ ಹಾಕಿಸಿದ. ಸಸಿ ಸಸಿಯೇ. ಅದು ಸೌದೆಯಾಗಲು ವರ್ಷಗಳು ಬೇಕು.

ಅಷ್ಟರಲ್ಲಿ ಇನ್ನೊಂದಾಯಿತು. ಮಾಲೂರು ಕಡೆಯ ಇಟ್ಟಿಗೆ ಗೂಡುಗಳವರು ಚಕ್ಕೆ ಕೇಳಿಕೊಂಡು ಲಾರಿ ತಂದರು. ಮಿಷಿನ್ನಿಗೆ ಚಕ್ಕೆ ಹೋಗುವ ಸುದ್ದಿ ಸುತ್ತಲೂ ಹರಡಿತ್ತು. ಕಸಕ್ಕೂ ಬೆಲೆಯುಂಟು ಎಂದು ಎಲ್ಲರಿಗೂ ತಿಳಿದುಹೋಗಿತ್ತು. ಮುನಿರಾಮಪ್ಪ ಚನ್ನರಾಯಪ್ಪನ ಹತ್ತಿರ ಓಡಿದ. ಇಷ್ಟು ವರ್ಷ ದುಡಿದ ಋಣ ನೆನಪಿಸಿದ. ಊರು ಕತ್ತಲಾಗುತ್ತದೆ ಎಂದ. ಹೆಂಗಸರಿಗಾದರೂ ವಾಪಸ್ಸು ಕೊಡಿ ಎಂದೂ ಕೇಳಿದ. ಚನ್ನರಾಯಪ್ಪ ಕೆಟ್ಟವನಲ್ಲ. ಕಾಫಿ ತರಿಸಿ ಕೊಟ್ಟ.

“ನೋಡು ಮುನಿರಾಮ, ಇಷ್ಟು ವರ್ಷ ಅದನ್ನ ನಾನು ತಿರುಗಿ ನೋಡಿದೋನಲ್ಲ. ತಕ್ಕಡಿ ತಂದು ತೂಗಿ ತೋರಿಸ್ದೋನು ನೀನು. ಈಗ ಕಸಾಂತ ತಿಳ್ಕೊ ಅಂದ್ರೆ ಹೆಂಗೆ?”

ಮುನಿರಾಮಪ್ಪ ಎದ್ದ. ಕಾಫಿ ಹಾಗೇ ಬಿಟ್ಟು ಬಂದ.

ಆಮೇಲಿನ ಒಂದೂವರೆ ವರ್ಷ ಅವನು ಮಿಷಿನ್ನಿಗೆ ಮೇವು ಹೊಂದಿಸುತ್ತಾ ಊರೂರು ಅಲೆದ. ಮುಳಬಾಗಿಲಿನ ಬಡಗಿಗಳ ಕೊಟ್ಟಿಗೆಯಿಂದ ಚೂರು, ಶ್ರೀನಿವಾಸಪುರದ ಮಂಡಿಯಿಂದ ಮುರಿದ ಪೆಟ್ಟಿಗೆ, ಎಲ್ಲಿಂದಲೋ ಹಸಿ ನೀಲಗಿರಿ ತುಂಡು. ಹಸಿ ಹಾಕಿದರೆ ಗ್ಯಾಸಿನ ಜೊತೆ ಡಾಂಬರಿನಂಥ ಜಿಡ್ಡು ಬರುತ್ತದೆ. ಅದು ಕೊಳವೆಯಲ್ಲಿ ಕಟ್ಟಿ ಇಂಜಿನ್ನು ಉಸಿರು ಹಿಡಿದು ನಿಲ್ಲುತ್ತದೆ. ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ಅವನ ಮೊಣಕೈವರೆಗೂ ಕರಿ ಹಿಡಿಯಿತು. ಎಷ್ಟು ಸೋಪು ಹಾಕಿದರೂ ಹೋಗದು. ದೀಪ ಒಂದು ದಿನ ಉರಿದರೆ ನಾಲ್ಕು ದಿನ ಇಲ್ಲ. “ಏನ್ಲಾ, ನಿನ್ನ ಮಿಷಿನ್ನಿಗೆ ಇವತ್ತು ಏಕಾದಶೀನಾ?” ಎಂದು ಕಟ್ಟೆಯ ಮೇಲಿನವರು ಕೇಳುತ್ತಿದ್ದರು. ಮೊದಮೊದಲು ಅವನೂ ಏನಾದರೂ ತಿರುಗಿ ಹೇಳುತ್ತಿದ್ದ. ಆಮೇಲೆ ಕಟ್ಟೆಯ ದಾರಿಯನ್ನೇ ಬಿಟ್ಟ.

ಆ ನಡುವೆ ಪಕ್ಕದ ಊರಿನಿಂದ ಕಂಬಗಳು ಮುಂದೆ ಹೊರಟವು. ನೇರೇಡುಪಲ್ಲಿಯನ್ನು ಬಳಸಿಕೊಂಡು ಆಚೆಯ ಊರಿಗೆ ಹೋದವು. ಕೇಳಲು ಹೋದವರಿಗೆ, ನಿಮ್ಮಲ್ಲಿ ಆಗಲೇ ಬೆಳಕಿದೆಯಲ್ಲ, ಇಲ್ಲದವರಿಗೆ ಮೊದಲು ಎಂಬ ಉತ್ತರ ಸಿಕ್ಕಿತು.

ಆಗ ಎಲ್ಲರ ಕಣ್ಣೂ ತೋಪಿನ ಮೇಲೆ ಬಿತ್ತು. ಷೆಡ್ಡಿನ ತಲೆಯ ಮೇಲೇ ಅಷ್ಟು ಕೊಂಬೆಗಳಿದ್ದವು. ಕೇಳಲು ಬಂದವನು ಕದಿರಪ್ಪನೇ. ಮರ ಕಡಿಯೋದು ಬೇಡ, ಹುಣಸೆಯ ಎರಡು ಕೊಂಬೆ ಸಾಕು, ಮುಂದಿನ ಮಾವಿನ ಕಾಲದವರೆಗೆ ತಳ್ಳೋಣ ಎಂದ. ಪ್ರಮಾಣ ಮಾಡಿಸಿಕೊಂಡ ಊರೇ ಈಗ ಬಿಟ್ಟುಕೊಡುತ್ತಿದೆಯಲ್ಲ ಎಂದ. ಮುನಿರಾಮಪ್ಪ ತಲೆ ತಗ್ಗಿಸಿ, ನಾನು ಮಾತು ಕೊಟ್ಟಿದ್ದು ನಿಮಗಲ್ಲ ಯಜಮಾನ್ರೇ ಎಂದನಂತೆ.

ವೆಂಕಟರತ್ನಮ್ಮ ಒಂದೇ ಸಲ ಕೇಳಿದಳು. ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಸಿದು ಮೇಯುವ ದಿನಗಳು. ಎರಡು ದಿನದಿಂದ ದೀಪವಿಲ್ಲ. ಮನೆಯಲ್ಲಿ ಹರಳೆಣ್ಣೆ ಇಟ್ಟುಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

“ಇದಿಗೋ, ಕೇಳಿ. ಒಣಗಿದ ರೆಂಬೆ ಇದ್ರೂ ಸರಿ, ನಾಲ್ಕು ದಿನದ ಮಾತು. ಹುಳ ಗೂಡಿಗೆ ಹತ್ತಿಬಿಟ್ರೆ ಮತ್ತೆ ನಾನು ಕೇಳಲ್ಲ.”

ಒಣಗಿದ್ದನ್ನೆಲ್ಲ ಊರವರು ಆಗಲೇ ಆಯ್ದುಕೊಂಡಿದ್ದರು. ಉಳಿದದ್ದೆಲ್ಲ ಹಸಿರು. ಅವನು ಆಗುವುದಿಲ್ಲವೆಂದ. ಅವಳು ಬುಡ್ಡಿ ದೀಪವನ್ನು ಬಾಗಿಲಿನ ಹೊರಗಿಟ್ಟು, ಒಳಗೆ ಬರುವ ಅರೆಬೆಳಕಿನಲ್ಲಿ ಸೊಪ್ಪು ಹಾಕಿದಳು. ಹೊರಗಿಟ್ಟರೂ ವಾಸನೆ ಒಳಗೆ ಬಂತೋ, ಕತ್ತಲಿನಲ್ಲಿ ಕಾಯಿಲೆಯ ಹುಳ ಕಣ್ಣು ತಪ್ಪಿತೋ ಹೇಳಲಾಗದು. ತಟ್ಟೆಯ ಮೇಲೆ ತಟ್ಟೆ ಕಪ್ಪಾಗಿ ಕರಗಿತು. ಅವಳು ಅದನ್ನೆಲ್ಲ ಬಾಚಿ ತಿಪ್ಪೆಗೆ ಸುರಿದು, ತಟ್ಟೆ ತೊಳೆದು ಬಿಸಿಲಿಗಿಟ್ಟಳು. ಗಂಡನ ಮೇಲೆ ಕೂಗಾಡಲಿಲ್ಲ. ಹುಳ ಸಾಯುವಾಗ ಶಬ್ದ ಮಾಡುವುದಿಲ್ಲ ಅಕ್ಕ, ಅದೇ ಕಷ್ಟ ಎಂದು ನನ್ನ ಹತ್ತಿರ ಹೇಳಿದಳು. ಆಮೇಲೆ ಅವಳು ಹುಳ ಸಾಕಲಿಲ್ಲ.

ಎಂಬತ್ತೇಳರ ಕೊನೆಗೆ ಪರೀಕ್ಷೆಯ ಅವಧಿ ಮುಗಿಯಿತೆಂದು ಸಂಸ್ಥೆಯವರು ಸಂಬಳ ನಿಲ್ಲಿಸಿದರು. ನರಸಿಂಹಪ್ಪನಿಗೆ ಬೇರೆ ಕೆಲಸ ಕೊಟ್ಟಿದ್ದರು. ಹೋಗುವ ಮುಂಚೆ ಬಂದು ಮುನಿರಾಮಪ್ಪನ ಮನೆಯ ಜಗುಲಿಯ ಮೇಲೆ ಬಹಳ ಹೊತ್ತು ಕೂತಿದ್ದ. ತಪ್ಪು ನಂದೂ ಇದೆ ಎಂದ. ಯಾರ ತಪ್ಪಾದರೂ ಚಕ್ಕೆ ಬರಲ್ಲ ಬಿಡಿ ಸಾರ್ ಎಂದ ಮುನಿರಾಮಪ್ಪ. ಇಂಜಿನ್ನಿಗೆ ಎಣ್ಣೆ ಸವರಿ, ಷೆಡ್ಡಿಗೆ ಬೀಗ ಹಾಕಿದ. ಊರು ಮತ್ತೆ ಬುಡ್ಡಿ ದೀಪಕ್ಕೆ ಇಳಿಯಿತು. ಅವನಿಗೆ ಉಳಿದದ್ದು ಒಂದೇ. ತೋಪಿನ ಒಂದು ಮರಕ್ಕೂ ತನ್ನಿಂದ ಗಾಯವಾಗಲಿಲ್ಲ. ಬೆಳಿಗ್ಗೆ ಎದ್ದು ಹೋಗಿ ಗಂಗಮ್ಮನ ಕಲ್ಲಿಗೆ ನೀರು ಹಾಕಿ, ಮೇಲೆ ನೋಡಿ, ಕೈ ಮುಗಿದು ಬರುತ್ತಿದ್ದ. ಅಷ್ಟು ಮಾತ್ರ ಅವನನ್ನು ಎತ್ತಿ ನಿಲ್ಲಿಸಿತ್ತು ಎಂದು ನನಗೆ ತೋರುತ್ತದೆ.

ಮರುವರ್ಷದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ನೀರು ಹಾಕಲು ಹೋದವನು ಹಾಗೇ ನಿಂತ. ಹೊಂಗೆಯ ಕೈಗೆಟುಕುವ ಕೊಂಬೆಗಳೆಲ್ಲ ಹೋಗಿದ್ದವು. ಕೊಡಲಿಯಿಂದಲ್ಲ, ಕುಡುಗೋಲಿನಿಂದ ಕೊಚ್ಚಿ, ಜಗ್ಗಿ, ಸಿಗಿದು ಮುರಿದದ್ದು. ತೊಗಟೆ ಕಾಂಡದವರೆಗೂ ಹರಿದು ಜೋತಾಡುತ್ತಿತ್ತು. ಹುಣಸೆಗೂ ಅದೇ ಗತಿ. ಹಿಂದಿನ ದಿನದ್ದು ಮಾತ್ರವಲ್ಲ. ಆಚೆಯ ಬದಿಯಲ್ಲಿ ತಿಂಗಳ ಹಿಂದಿನ ಗಾಯಗಳು ಕರಿದಾಗಿ ಒಣಗಿದ್ದವು. ಅವನು ದಿನಾ ಬರುತ್ತಿದ್ದದ್ದು ಊರಿನ ಬದಿಯಿಂದ. ಹಿಂಬದಿಯನ್ನು ನೋಡಿಯೇ ಇರಲಿಲ್ಲ. ಉದುರಿದ ಎಲೆಗಳ ದಾರಿ ಹಿಡಿದು ನಡೆದ. ಎಲೆಗಳು ಒಂದೊಂದು ಮನೆಯ ಮುಂದೆ ಕವಲಾಗಿ ಹೋಗಿದ್ದವು. ಒಂದು ಕವಲು ಅವನ ಅಕ್ಕನ ಅಂಗಳದಲ್ಲಿ ನಿಂತಿತು.

ಮುತ್ಯಾಲಮ್ಮ ಕೊಂಬೆಯನ್ನು ಬಿಸಿಲಿಗೆ ಹರಡುತ್ತಿದ್ದಳು. ಸೀಳಿದ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಅಕ್ಕಯ್ಯ, ನೀನೂನಾ?” ಎಂದ.

ಅವಳು ತಲೆಯೆತ್ತಲಿಲ್ಲ. “ನೀಲಗಿರಿ ತೋಪಿಗೆ ಬೇಲಿ ಹಾಕಿ ಕಾವಲಿಟ್ಟವ್ರೆ. ಎಲೇನೂ ಇಲ್ಲ ಈಗ. ಕಸ ನಿನ್ನ ಮಿಷಿನ್ನಿಗೋಯ್ತು, ಅಲ್ಲಿಂದ ಇಟ್ಟಿಗೆಗೋಯ್ತು. ನೀನು ಮಾತು ಉಳಿಸ್ಕೊಂಡೆ, ಒಳ್ಳೇದಾಯ್ತು. ನಾನು ಹಿಟ್ಟು ಬೇಯಿಸ್ಬೇಕಲ್ಲ ನಾಯ್ನಾ.”

ಕೊಂಬೆ ಹರಡುತ್ತಲೇ ಅವಳು ಮತ್ತೆ, ಇಷ್ಟು ದಿನ ಒಣಗಿದ್ದು ಆಯ್ದೆವು, ಈಗ ಒಣಗಿದ್ದು ಒಂದೂ ಇಲ್ಲ, ಕುಡುಗೋಲಿಗೆ ದಪ್ಪ ಕೊಂಬೆ ಬರುವುದಿಲ್ಲ, ಎಳೆದು ಎಳೆದು ಭುಜ ಬಿದ್ದುಹೋಗಿದೆ ಎಂದಳು. ದೂರುವ ದನಿಯಲ್ಲಲ್ಲ. ಬೇರೆ ಯಾರ ಮುಂದಾದರೂ ಹೇಳಿಕೊಳ್ಳುವ ಹಾಗೆ.

ಮುನಿರಾಮಪ್ಪ ಮನೆಗೆ ಹೋಗಿ ಕೈಗರಗಸ ತೆಗೆದುಕೊಂಡು ತೋಪಿಗೆ ಬಂದ. ಹೊಂಗೆಯ ಬುಡದಲ್ಲಿ ಒಂದು ಗಳಿಗೆ ನಿಂತ. ಗಂಗಮ್ಮನ ಕಡೆ ನೋಡಲಿಲ್ಲ. ಮರ ಹತ್ತಿ, ಸಿಗಿದು ಜೋತಾಡುತ್ತಿದ್ದ ಕೊಂಬೆಯನ್ನು ಬುಡಕ್ಕೆ ಸರಿಯಾಗಿ, ತೊಗಟೆ ಹರಿಯದ ಹಾಗೆ ಕೊಯ್ದ. ಆಮೇಲೆ ಅದರ ಪಕ್ಕದ ಹಸಿ ಕೊಂಬೆ. ಆಮೇಲೆ ಇನ್ನೊಂದು. ಕೆಳಗೆ ಹೆಂಗಸರು ಒಬ್ಬೊಬ್ಬರೇ ಬಂದು ನಿಂತರು. ಅವನು ಇಳಿದು, ಎಲ್ಲರ ಮಂಕರಿಗೂ ಸಮನಾಗಿ ಪಾಲು ಮಾಡಿ ಹಾಕಿ, ಅಕ್ಕನ ಪಾಲನ್ನು ತಾನೇ ಹೊತ್ತುಕೊಂಡು ನಡೆದ. ದಾರಿಯಲ್ಲಿ ಕದಿರಪ್ಪ ಎದುರಾದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮುತ್ಯಾಲಮ್ಮ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದಳು. ರಸ ಜಿನುಗುವಷ್ಟು ಹಸಿ. ಅದು ಉರಿಯಲು ವಾರಗಟ್ಟಲೆ ಒಣಗಬೇಕು. ಆ ದಿನವೂ ಅವಳ ಒಲೆಯಲ್ಲಿ ಉರಿದದ್ದು ಗೋಣಿಯ ತಳದಲ್ಲಿ ಉಳಿದಿದ್ದ ಎಲೆ. ಮುನಿರಾಮಪ್ಪ ಬಾಗಿಲಲ್ಲಿ ಕೂತಿದ್ದ. ಆಚೆ ಸರಿದು ಕೂತ್ಕೋ, ಹೊಗೆ ನಿನ್ನ ಕಡೆಗೇ ಬರ್ತದೆ ಎಂದು ಅವಳು ಹೇಳಿದಳು. ಅವನು ಸರಿಯಲಿಲ್ಲವಂತೆ.

ಅಲ್ಲಿಗೇ ನಿಂತಿದ್ದರೆ ಒಂದು ಮರದ ನಾಲ್ಕು ಕೊಂಬೆಯ ಮಾತಾಗುತ್ತಿತ್ತು. ಆದರೆ ಕರ್ಪೂರ ಹಚ್ಚಿದವನೇ ಕೊಯ್ದನೆಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಪ್ರಮಾಣ ಮಾಡಿದವನಿಗೇ ಇಲ್ಲದ ಭಯ ನಮಗೇಕೆ ಎಂದು ಗಂಡಸರು ಕೊಡಲಿ ತಂದರು. ಕೊಂಬೆಯಾಯಿತು, ಕಾಂಡವಾಯಿತು. ಇಟ್ಟಿಗೆಯವರ ಲಾರಿ ಮಿಲ್ಲಿನ ಬದಲು ಊರಿಗೇ ಬಂತು. ಮುನಿರಾಮಪ್ಪ ಒಂದೊಂದು ಮರದ ಮುಂದೆ ಅಡ್ಡ ನಿಂತ. ಅವನನ್ನು ಯಾರೂ ಹೊಡೆಯಲಿಲ್ಲ. ಪಕ್ಕಕ್ಕೆ ಸರಿಸಿ ಕಡಿದರು. ಬುಡದಲ್ಲಿ ಉಳಿದ ಚೂರನ್ನು ಹೆಂಗಸರು ಆಯ್ದುಕೊಂಡರು. ಮಳೆಗಾಲದ ಹೊತ್ತಿಗೆ ತೋಪಿನಲ್ಲಿ ಬೀಗ ಹಾಕಿದ ಷೆಡ್ಡು ಮತ್ತು ಗಂಗಮ್ಮನ ಕಲ್ಲು ಮಾತ್ರ ಉಳಿದವು.

ಈಗ ಅವನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಗಂಗಮ್ಮನ ಪೂಜೆಗೆ ಬಂದರೂ ದೂರದಲ್ಲಿ ಬಿಸಿಲಿನಲ್ಲೇ ನಿಲ್ಲುತ್ತಾನೆ. ತೀರ್ಥದ ಚೊಂಬು ಹತ್ತಿರ ಬಂದಾಗ ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಾನೆ. ತಪ್ಪುಕಾಣಿಕೆ ಕಟ್ಟು, ತಾಯಿ ಮನ್ನಿಸುತ್ತಾಳೆ, ನೀನು ಕೊಯ್ದದ್ದು ಯಾಕೆಂದು ಅವಳಿಗೆ ಗೊತ್ತು ಎಂದು ಒಂದು ಪೂಜೆಯ ದಿನ ನಾನು ಹೇಳಿದೆ. ನನ್ನ ನಂಬಿಕೆ ಅದೇ.

ಅವನು ಕೇಳಿಸಿಕೊಂಡ. “ಮನ್ನಿಸ್ತಾಳೆ ಕಣಕ್ಕ, ಅದು ನಂಗೂ ಗೊತ್ತು. ಅದಕ್ಕೇ ಕೈ ಒಡ್ಡಕ್ಕಾಗಲ್ಲ” ಎಂದ.

ಪೂಜೆಗೆ ಬಂದವರು ಸುಡುವ ನೆಲದ ಮೇಲೆ ಕಾಲು ಬದಲಿಸುತ್ತಾ ನಿಂತಿದ್ದರು. ಮುತ್ಯಾಲಮ್ಮ ಬಿಂದಿಗೆ ನೀರು ತಂದು ಕಲ್ಲಿನ ಮೇಲೆ ಸುರಿದಳು. ಅದು ನೋಡುತ್ತಿದ್ದ ಹಾಗೇ ಆರಿಹೋಯಿತು.